ಯಾರ ಮನೆಯದೂ ಅಲ್ಲದ ಚಾ

ಸಂಕ್ರಾಂತಿ ಕಳೆದು ವಾರವಾಗಿತ್ತು, ಮಧ್ಯಾಹ್ನದ ಒಂದು ಗಂಟೆಯ ಬಿಸಿಲು, ಆನವಟ್ಟಿ ಬಿಟ್ಟ ಬಸ್ಸಿನ ಕಿಟಕಿಯ ಸರಳು ಅಂಗೈಗೆ ಬೆಚ್ಚಗೆ ತಾಗುತ್ತಿದೆ, ರಸ್ತೆಯ ಅರ್ಧದ ತನಕ ಮೆಕ್ಕೆಜೋಳ ಹರವಿದ್ದಾರೆ, ಡ್ರೈವರ್ ಅದನ್ನು ತುಳಿಯದ ಹಾಗೆ ಬಸ್ಸನ್ನು ಒಂದು ಮಗ್ಗುಲಿಗೆ ಇಳಿಸಿ ತೆಗೆಯುತ್ತಾನೆ, ಒಳಗಿದ್ದವರೆಲ್ಲ ಒಂದೇ ಕಡೆಗೆ ವಾಲುತ್ತಾರೆ, ರಾಜೇಶ್ವರಮ್ಮನೂ ವಾಲಿದಳು, ಕೈಯಲ್ಲಿ ಸೊನ್ನೆ ಅಚ್ಚಾದ ಟಿಕೆಟ್ಟು — ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದರೆ ಆಯಿತು, ಶಿಕಾರಿಪುರಕ್ಕೆ ಹೋಗುವುದಕ್ಕೂ ಏನಿಲ್ಲ ಬರುವುದಕ್ಕೂ ಏನಿಲ್ಲ, ಹೋಗಿ ಕುಡಿಯುವ ಚಾಕ್ಕೆ ಮಾತ್ರ ಒಂದು ಚೀಲ ಜೋಳದ ರೇಟು. ಹಾಗಂತ ಮಗ ಚನ್ನೇಶ ಬೆಳಗ್ಗೆ ರೊಟ್ಟಿ ಮುರಿಯುತ್ತ ಹೇಳಿದ್ದ, ಅಮ್ಮಾ, ಚಾ ಅಂದ್ರೆ ಚಾನೇ ಅಲ್ದಾ, ಅಲ್ಲಿ ಎಂತ ಬಂಗಾರ ಹಾಕಿ ಕುದಿಸ್ತಾರಾ. ಬಂಗಾರ ಅಲ್ಲ ಕಣ್ರೀ, ಇದು ನೋಡಿ ಅಂತ ಸೊಸೆ ಗಂಗಾಶ್ರೀ ಫೋನಿನಲ್ಲಿ ಫೋಟೋ ತೆಗೆದು ಅತ್ತೆಯ ಕಣ್ಣಿಗೆ ಹಿಡಿದಳು, ತಟ್ಟೆಯ ಮೇಲೆ ತಟ್ಟೆ ಅದರ ಮೇಲೊಂದು ತಟ್ಟೆ, ಮಹಡಿ ಮನೆ ಇದ್ದ ಹಾಗೆ, ಒಂದೊಂದು ಮಹಡಿಯಲ್ಲಿ ಬೆರಳುದ್ದದ ತಿಂಡಿ. ಇದನ್ನು ತಿಂದು ಮನೆಗೆ ಬಂದು ಊಟ ಮಾಡಬೇಕಲ್ಲೇ ಅಂದಿದ್ದಳು ಅವಳು, ಗಂಗಾಶ್ರೀ ನಕ್ಕಿದ್ದಳು, ಚನ್ನೇಶ ನಕ್ಕಿರಲಿಲ್ಲ, ಚಾದ ದುಡ್ಡಿನಲ್ಲಿ ತನ್ನ ಪಾಲಿನದನ್ನು ಫೋನಿನಲ್ಲೇ ಆಗಲೇ ಕಳಿಸಿಯಾಗಿತ್ತು, ಗೊಬ್ಬರದ ಅಂಗಡಿ ಇಟ್ಟವನಿಗೆ ಕೊಟ್ಟದ್ದು ಯಾವಾಗಲೂ ಜಾಸ್ತಿ ಅನಿಸುತ್ತದೆ, ಬಂದದ್ದು ಕಮ್ಮಿ ಅನಿಸುತ್ತದೆ. ಹೋಗಬೇಕಾ ಇದಕ್ಕೆ, ಬೇಕಾ ಇದು ಈ ವಯಸ್ಸಿನಲ್ಲಿ, ಬಸ್ಸು ಹತ್ತಿದ ಮೇಲೂ ಅದೇ ಯೋಚನೆ, ಶಿರಾಳಕೊಪ್ಪದಲ್ಲಿ ಇಳಿದುಬಿಟ್ಟರೆ ವಾಪಸು ಬಸ್ಸು ಸಿಗುತ್ತದೆ, ತಲೆ ತಿರುಗಿತು ಅಂದರಾಯಿತು, ವಯಸ್ಸಾದವರಿಗೆ ಅದೊಂದು ಅನುಕೂಲ, ತಲೆ ತಿರುಗಿತು ಅಂದರೆ ಯಾರೂ ಮರು ಮಾತಾಡುವುದಿಲ್ಲ.

ಕಷ್ಟ ಇರುವುದು ದುಡ್ಡಿನದಲ್ಲ, ನೀರಿನದು. ಈಸೂರಿನ ಹತ್ತಿರ ತವರಿನಲ್ಲಿ ತಮ್ಮ ಬೆನಕಪ್ಪ ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ ವರ್ಷ, ಗೃಹಪ್ರವೇಶ, ಬಾಗಿಲಿಗೆ ಬಾಳೆಕಂಬ, ಹೋಳಿಗೆ ಬೇಯಿಸುವ ಹೊಗೆ — ತವರಿನ ಕಡೆ ಹೆಣ್ಣುಮಗಳ ಗಂಡನನ್ನು ಊಟಕ್ಕೆ ಕರೆಯುವುದಕ್ಕೆ ಒಂದು ರೀತಿ ಇದೆ, ಮನೆ ಯಜಮಾನನೇ ಬಂದು ಕೈ ಹಿಡಿದು, ಬರ್ರಿ ಭಾವಾರೆ ಅಂತ ಮೊದಲ ಪಂಕ್ತಿಯ ತಲೆಯ ಎಲೆಗೆ ಕೂರಿಸಬೇಕು, ಅವತ್ತು ಅದೇ ಹೊತ್ತಿಗೆ ಸ್ವಾಮಿಗಳ ಕಾರು ಬಂತು, ಬೆನಕಪ್ಪ ಪಾದಕ್ಕೆ ನೀರು ಹಾಕಲು ಬಾಗಿಲಿಗೆ ಓಡಿದ, ಇತ್ತ ಬಡಿಸುವವನೊಬ್ಬ, ಎರಡು ಎಲಿ ಖಾಲಿ ಅದಾವ್ರಿ, ಯಾರಾರ ಕುಂದರ್ರಿ ಅಂತ ಕೂಗಿದ, ಆ ಯಾರಾರ ಅನ್ನುವುದರೊಳಗೆ ಅವರು ಸೇರಿಬಿಟ್ಟರು. ಅವರು ಅಂದರೆ ಅವಳ ಗಂಡ ಶಾಂತವೀರಪ್ಪ, ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ, ಮನಸ್ಸಿನಲ್ಲೂ ಅವರು ಎಂದೇ. ಕೂತರು, ಪಾಯಸ ಬಂತು, ಅನ್ನ ಬಂತು, ತುಪ್ಪದವನು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಎದ್ದರು, ಎಲೆ ಬಿಟ್ಟು ಎದ್ದವರನ್ನು ಮತ್ತೆ ಕೂರಿಸುವುದು ಶಿವನಿಂದಲೂ ಆಗುವುದಿಲ್ಲ. ಈ ಮನೆ ನೀರು ಇನ್ನು ನಾವು ಮುಟ್ಟಲ್ಲ ಅಂದರು, ಅಷ್ಟೇ, ದನಿ ಏರಿಸಿ ಕೂಡ ಅಲ್ಲ, ಬಿತ್ತನೆ ನಾಳಿದ್ದು ಅನ್ನುವ ಹಾಗೆ. ನಾವು ಅಂದರೆ ಅವರೂ ಅವಳೂ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಬೆಳಗಿನಿಂದ ಒಲೆಯ ಮುಂದೆ ಕೂತು ಗಂಟಲು ಒಣಗಿತ್ತು, ಕುಡಿಯಲೆಂದು ಎತ್ತಿದ ತಂಬಿಗೆ ಕೈಯಲ್ಲಿತ್ತು, ಅದನ್ನು ಹಾಗೇ ಕಟ್ಟೆಯ ಮೇಲೆ ಇಟ್ಟು ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ಹೊರಟಳು. ಬೆನಕಪ್ಪ ಬಸ್ಸಿನ ತನಕ ಓಡಿಬಂದ, ಒದ್ದೆ ಕೈಯಲ್ಲೇ, ಭಾವಾರೆ ತಪ್ಪಾತು, ಒಂದು ಗುಟುಕು ಮಜ್ಜಿಗಿ ಕುಡ್ದು ಹೋಗ್ರಿ. ಅವರು ಕಿಟಕಿಯ ಆಚೆಗೆ ನೋಡಿದರು, ಬಸ್ಸು ಹೊರಟಿತು, ಅವಳು ತಿರುಗಿ ನೋಡಿದಳು, ಧೂಳು.

ಹಗೆ ಏನೂ ಇರಲಿಲ್ಲ ಹಾಗೆ ನೋಡಿದರೆ, ಅದೇ ವಿಚಿತ್ರ, ಮಾತು ಇತ್ತು, ಮದುವೆ ಮುಂಜಿ ಸಾವು ನೋವು ಎಲ್ಲಕ್ಕೂ ಹೋಗಿಬರುವುದಿತ್ತು, ನೀರು ಒಂದಿಲ್ಲ. ಬೆನಕಪ್ಪನ ಹೆಂಡತಿ ತೀರಿಕೊಂಡಾಗ ಅವಳು ಆ ಅಂಗಳದಲ್ಲಿ ಇಡೀ ದಿನ ಕೂತಳು, ಬಾಯಾರಿದಾಗ ಎದ್ದು ಪಕ್ಕದ ಮನೆ ನಿರ್ಮಲಮ್ಮನ ಜಗುಲಿಗೆ ಹೋಗಿ ಕುಡಿದು ಬಂದಳು, ನಿರ್ಮಲಮ್ಮ ಲೋಟ ಕೊಡುತ್ತ, ಇದು ನಮ್ಮ ನಳದ್ದು ತಗೋಳವಾ, ನಿನ್ನ ಗಂಡಗ ಸಿಟ್ಟು ಬರಾದಿಲ್ಲ ಅಂದಿದ್ದಳು, ಸಾವಿನ ಮನೆ ಪಕ್ಕ ನಗಬಾರದು ಅಂತ ಇಬ್ಬರೂ ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ಪಂಚಮಿಗೆ ಬೆನಕಪ್ಪ ತಪ್ಪದೆ ಉಡಿ ತರುತ್ತಿದ್ದ, ಅಕ್ಕಿ, ಕೊಬ್ಬರಿ, ಕುಬಸದ ಕಣ, ಒಣ ಪದಾರ್ಥಕ್ಕೆ ಮಾತು ತಾಗುವುದಿಲ್ಲ ಅಂತ ಅವರೂ ಸುಮ್ಮನಿದ್ದರು, ಉಡಿ ಕೊಟ್ಟು ಬೆನಕಪ್ಪ ಹೊರಟುಬಿಡುತ್ತಿದ್ದ, ಚಾ ಅಂದರೆ, ನೀನು ನಮ್ಮನಿದು ಕುಡಿಯಲ್ಲ, ನಾನು ನಿಮ್ಮನಿದು ಹೆಂಗ ಕುಡೀಲಿ ಅಕ್ಕಾ, ಲೆಕ್ಕ ಸರಿ ಹೋಗಲ್ಲ ಅಂತ ನಕ್ಕು, ಬಿಸಿಲಲ್ಲಿ ಟವೆಲು ತಲೆಗೆ ಹಾಕಿಕೊಂಡು. ಅವ್ವ ಸತ್ತಾಗ ಬೆನಕ ಇನ್ನೂ ತೊದಲುತ್ತಿದ್ದ, ಅವಳೂ ಲಂಗದ ಹುಡುಗಿ, ಅನ್ನ ಕಲಸಿ ಬಾಯಿಗಿಟ್ಟವಳು ಅವಳು, ನೀರಿಗೆ ಅಂತ ಕೈ ಚಾಚಿದರೆ ತಂಬಿಗೆ ಬಾಗಿಸಿದವಳು ಅವಳು, ಈಗ ನೋಡಿದರೆ ಹೀಗೆ. ಅವರು ಹಾಸಿಗೆ ಹಿಡಿದಾಗ, ಹೋಗುವ ಮುಂಚೆ ಆ ಒಂದು ಮಾತು ಹಿಂದಕ್ಕೆ ತೆಗೆದುಕೊಂಡಾರು ಅಂತ ಕಾಲ ಹತ್ತಿರ ಕೂತು ಕಾದಳು, ಅವರು ಕೊನೆಗೆ ಕೇಳಿದ್ದು ಎಮ್ಮೆ ಕಟ್ಟಿದ್ರಾ ಅಂತ. ಕಟ್ಟಿದ್ದೀವಿ ಅಂದಳು. ಕಣ್ಣು ಮುಚ್ಚಿದರು. ಮಾತಾಡಿದವರು ಹೋದರು, ಮಾತು ಉಳಿಯಿತು. ಊರಿನ ಹಿರಿಯ ಲೋಕಪ್ಪ ಒಮ್ಮೆ, ಮಠಕ್ಕೆ ಹೋಗಿ ಬಿಡಿಸ್ಕಂಡು ಬಾರೆ ಮಾರಾಯ್ತಿ, ಸ್ವಾಮಿಗಳು ಒಂದು ಉದ್ಧರಣೆ ತೀರ್ಥ ಕೊಟ್ರೆ ಮುಗೀತು ಅಂದಿದ್ದ, ಅವಳು ಹೋಗಲಿಲ್ಲ, ಅವರು ಕಟ್ಟಿದ ಗಂಟನ್ನು ಅವರ ಬೆನ್ನ ಹಿಂದೆ ಬಿಚ್ಚುವುದು ಹೇಗೆ, ಬದುಕಿದ್ದರೆ ಜಗಳಾಡಿ ಬಿಚ್ಚಿಸಬಹುದು, ಸತ್ತವರ ಜೊತೆ ಜಗಳ ಆಗುವುದಿಲ್ಲ, ಅವರು ಉತ್ತರ ಕೊಡುವುದಿಲ್ಲ, ಗೆದ್ದೆ ಅಂತ ಹೇಳಿಕೊಳ್ಳುವುದಕ್ಕೆ ನಾಚಿಕೆ.

ಬಸ್ಸು ನಿಂತಿತು, ಯಾರೋ ಹೆಂಗಸು ಕೊತ್ತಂಬರಿ ಕಟ್ಟಿನ ಮೂಟೆ ಹತ್ತಿಸಿ ಪಕ್ಕದಲ್ಲಿ ಕೂತಳು, ಒದ್ದೆ ವಾಸನೆ ಬಸ್ಸೆಲ್ಲ — ದೀಪಾವಳಿಯಲ್ಲಿ ನೋಡಿದಾಗ ಬೆನಕಪ್ಪನ ತೋಳು ಬಾರುಕೋಲಿನಷ್ಟಾಗಿತ್ತು, ಮೊಣಕೈ ಹತ್ತಿರ ಪಟ್ಟಿ, ಮೂತ್ರಪಿಂಡ ಎರಡೂ ಕೈಕೊಟ್ಟಿವೆ, ವಾರಕ್ಕೆರಡು ಸಲ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಕಟ್ಟಿ ರಕ್ತ ತೊಳೆಯುತ್ತಾರೆ. ನಾನು ಈಗ ಲಾಂಡ್ರಿ ಅರಿವಿ ಆಗೀನಕ್ಕಾ ಅಂದ. ಆಮೇಲೆ, ಇಷ್ಟು ವರ್ಷ ಆತು, ಎದುರಾಬದುರಾ ಕುಂತು ಒಂದು ಲೋಟ ಚಾ ಕುಡಿಲಿಲ್ಲ ನೋಡು ನಾವು ಅಂದ, ಬೇಡಿದ ಹಾಗೆ ಅಲ್ಲ, ಮಳೆ ಈ ಸಲ ಹಿಂದಾಯಿತು ನೋಡು ಅನ್ನುವ ಹಾಗೆ. ಅದನ್ನು ಕೇಳಿಸಿಕೊಂಡವಳು ಅವನ ಮೊಮ್ಮಗಳು ಚೈತ್ರಶ್ರೀ, ಶಿಕಾರಿಪುರದಾಚೆ ಕೆರೆ ದಂಡೆಗೆ ಹೊಸದಾಗಿ ಎದ್ದಿರುವ ದೊಡ್ಡ ಹೋಟೆಲಿನಲ್ಲಿ ಬಂದವರಿಗೆ ನಗುತ್ತ ಕೀಲಿ ಕೊಡುವ ಕೆಲಸ ಅವಳದು, ಫೋನು ಮಾಡಿದಳು, ಅಜ್ಜಿ, ನಮ್ಮ ಹೋಟ್ಲಾಗೆ ಮಧ್ಯಾಹ್ನ ಮೂರಕ್ಕೆ ಚಾ ಮತ್ತು ತಿಂಡಿ ಇಡ್ತಾರೆ, ನೀನು ಅಜ್ಜ ಇಬ್ರೂ ಬರ್ರಿ, ಅದು ಯಾರ ಮನಿನೂ ಅಲ್ಲ. ಯಾರ ಮನೆಯೂ ಅಲ್ಲ ಅಂದರೆ ಅದೊಂದು ಮಾತೇ, ಅವಳು ರಾತ್ರಿ ಅದನ್ನು ತಿರುವಿ ತಿರುವಿ ನೋಡಿದಳು, ಬೆಳಗ್ಗೆ ತಾನೇ ಫೋನು ಹಚ್ಚಿಸಿ ಕೇಳಿದಳು, ದುಡ್ಡು ಯಾರು ಕೊಡ್ತಾರೆ. ನಾನು ಅಜ್ಜಿ. ನೀನು ಆ ಮನೆ ಹುಡುಗಿ, ನೀನು ಕೊಟ್ಟರೆ ಅದು ಆ ಮನೇದೇ ಆತಲ್ಲ. ಹಂಗಾರೆ ಚನ್ನೇಶ ಮಾವ ಕೊಡಲಿ. ಅವನು ಕೊಟ್ಟರೆ ನಿಮ್ಮಜ್ಜ ಕುಡಿಯಲ್ಲ, ಅವನಿಗೂ ಹಟ ಅದೆ. ಅರ್ಧ ಅರ್ಧ. ಅರ್ಧ ಅರ್ಧ ಅಂದ್ರೂ ಕೆಟ್ಲಿ ಒಂದೇ ಅಲ್ವನೇ, ಒಳಗೆ ಹೋದ ಮೇಲೆ ಯಾರದ್ದು ಯಾವುದು. ಎರಡು ಕೆಟ್ಲಿ ಇಡಿಸ್ತೀನಿ ಅಂದಳು ಆ ಕಡೆಯಿಂದ ಹುಡುಗಿ, ಬಡಿಸೋನು ಅಸ್ಸಾಮಿನವನು, ನಮಗೂ ನಿಮಗೂ ಏನೂ ಸಂಬಂಧ ಇಲ್ಲ, ನಾನು ಆ ಟೇಬಲ್ ಹತ್ರ ಸುಳಿಯಲ್ಲ, ಮೊಟ್ಟಿ ಹಾಕಿದ್ದು ಒಂದೂ ಇಡಿಸಲ್ಲ, ಇನ್ನೇನೈತಿ ಹೇಳು. ಇನ್ನೇನಿರಲಿಲ್ಲ. ಇದೆಲ್ಲ ಆನವಟ್ಟಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಆಗ್ತಿತ್ತು ಅಂತ ಚನ್ನೇಶ ಈಗಲೂ ಅನ್ನುತ್ತಾನೆ, ಆಗುತ್ತಿತ್ತು, ಎರಡು ಲೋಟ ಬೇರೆ ಬೇರೆ ದುಡ್ಡು, ಆದರೆ ಅಲ್ಲಿ ಪಾನಬೀಡ ಅಂಗಡಿಯಿಂದ ಲೋಕಪ್ಪ ಕೂಗುತ್ತಾನೆ, ಓಹೋ ಅಕ್ಕ ತಮ್ಮ ರಾಜಿ ಆದ್ರಾ, ಆಮೇಲೆ ಬೆನಕಪ್ಪ ಲೋಟ ಎತ್ತುವುದಿಲ್ಲ, ಅವಳೂ ಎತ್ತುವುದಿಲ್ಲ. ನೋಡುವವರಿಲ್ಲದ ಜಾಗ ಬೇಕು, ಆ ಜಾಗಕ್ಕೆ ಅಷ್ಟು ರೇಟು ಅಂದುಕೊಂಡರಾಯಿತು. ಆದರೂ ಅವರು ಏನಂದಾರು, ಅವರಿದ್ದಿದ್ದರೆ, ಇದು ಕಳ್ಳದಾರಿ ಅಲ್ವನೇ ಅಂದಾರಾ — ಶಿರಾಳಕೊಪ್ಪ, ಶಿರಾಳಕೊಪ್ಪ, ಕಂಡಕ್ಟರ್ ಬಾಗಿಲು ಬಡಿದ, ಅಜ್ಜಿ ಇಳಿಯಾದೈತೇನು ಅಂತ ಯಾಕೋ ಅವಳನ್ನೇ ಕೇಳಿದ, ಆಗಲೇ ಕೊತ್ತಂಬರಿ ಮೂಟೆ ಅವಳ ಕಾಲಿಗೆ ಅಡ್ಡ ಬಿದ್ದಿತ್ತು, ಅದನ್ನು ಸರಿಸಿ, ಆ ಹೆಂಗಸನ್ನು ಏಳಿಸಿ, ಇಷ್ಟು ಜನರನ್ನು ದಾಟಿ, ಯಾರು ಇಳಿಯುತ್ತಾರೆ. ಇಲ್ಲಪ್ಪ, ಶಿಕಾರಿಪುರ ಅಂದಳು. ಹಾಗೆ ತೀರ್ಮಾನವಾಯಿತು.

ಬೆನಕಪ್ಪನ ಮಗ ಗುರುಪ್ರಕಾಶ ಕಾರು ತಂದಿದ್ದ, ಬಾ ಅತ್ತೆ, ಕಾರಿನಾಗ ಕುಂದರಾಕ ಏನೂ ಅಡ್ಡಿ ಇಲ್ಲಲ್ಲ ಅಂತ ಕೆಣಕಿದ, ಇಲ್ಲ ಕಣೋ, ಪೆಟ್ರೋಲು ಕುಡಿಯಲ್ಲ ನಾನು ಅಂದಳು, ಹಿಂದಿನ ಸೀಟಿನಲ್ಲಿ ಬೆನಕಪ್ಪ ನಕ್ಕ, ನಕ್ಕರೆ ಕತ್ತಿನ ನರ ಎದ್ದು ಕಾಣುತ್ತದೆ. ಗುರುಪ್ರಕಾಶ ಕಾರಿನ ಹತ್ತಿರವೇ ಉಳಿದ, ಹೋಟೆಲಿನ ಬಾಗಿಲಲ್ಲಿ ಅಕ್ಕ ತಮ್ಮ ಇಬ್ಬರೂ ಚಪ್ಪಲಿ ಬಿಟ್ಟರು, ಕಾವಲಿನವನು, ಹಾಕ್ಕಂಡೇ ಬರ್ರಿ ಯಜಮಾನ್ರೇ ಅಂದ, ಆ ನೆಲದಲ್ಲಿ ಮುಖ ಕಾಣುತ್ತಿತ್ತು, ಮುಖದ ಮೇಲೆ ಚಪ್ಪಲಿ ಕಾಲು ಇಡುವುದು ಹೇಗೆ ಅಂತ ಬರಿಗಾಲಲ್ಲೇ ಹೋದರು, ತಣ್ಣಗಿತ್ತು. ದೂರದಲ್ಲಿ ಕೋಟು ಹಾಕಿದ ಚೈತ್ರಶ್ರೀ ಕಣ್ಣಲ್ಲೇ ಬನ್ನಿ ಅಂದು ಬೇರೆ ಕಡೆ ತಿರುಗಿಕೊಂಡಳು, ಮಾತು ಅಂದರೆ ಮಾತು ಆ ಹುಡುಗಿಯದು. ಗಾಜಿನ ಗೋಡೆ, ಆಚೆ ಕೆರೆ, ಕೆರೆಯನ್ನು ಒರೆಸಿ ಇಟ್ಟ ಹಾಗೆ ಕಾಣುತ್ತಿತ್ತು, ಕುರ್ಚಿ ಕೂತಷ್ಟೂ ಒಳಕ್ಕೆ ಹೋಗುತ್ತದೆ, ಏಳುವುದು ಹೇಗೋ, ಅಸ್ಸಾಮಿನವನು ಎರಡು ಕೈಯಲ್ಲಿ ಎರಡು ಕೆಟ್ಲಿ ಹಿಡಿದು ಬಂದು ಒಂದನ್ನು ಅವಳ ಮುಂದೆ, ಒಂದನ್ನು ಬೆನಕಪ್ಪನ ಮುಂದೆ, ಸರಿಯಾಗಿ ಗೆರೆ ಎಳೆದ ಹಾಗೆ ಇಟ್ಟ, ಹಾಲು ಬೇರೆ, ಸಕ್ಕರೆ ಬೇರೆ, ಚಾ ನೋಡಿದರೆ ಗೋಮೂತ್ರದ ಬಣ್ಣ. ಹಾಲು ಈಕಡಿ, ಸಕ್ಕರಿ ಆಕಡಿ, ಚಾ ನಡುವಿನ ಮನಿಯಾಗೆ, ಪಾಲಾದ ಮನಿ ಇದ್ದಂಗೈತಿ ಅಕ್ಕಾ ಅಂದ ಬೆನಕಪ್ಪ. ಮೂರು ಮಹಡಿಯ ತಟ್ಟೆಯೂ ಬಂತು. ಇಬ್ಬರೂ ಅದನ್ನೇ ನೋಡುತ್ತ ಕೂತರು, ಯಾರು ಮೊದಲು ಕೈ ಹಾಕಬೇಕು, ಇಲ್ಲಿ ಯಜಮಾನ ಯಾರೂ ಇಲ್ಲ, ತಗೋರಿ ಅನ್ನುವವರಿಲ್ಲ, ತಗೋರಿ ಅನ್ನದೆ ತಿನ್ನುವುದು ಅಭ್ಯಾಸವಿಲ್ಲ, ಯಾರ ಮನೆಯೂ ಅಲ್ಲದ ಮನೆಯಲ್ಲಿ ಇದೊಂದು ಕಷ್ಟ. ಚಾ ಆರುತ್ತಿತ್ತು. ನೀನೇ ತಗೋ ಅಕ್ಕಾ, ಹಿರೇಕಿ. ಅವಳು ನಡುವಿನ ಮಹಡಿಯಿಂದ ಒಂದು ಸಣ್ಣ ಬನ್ನಿನಂಥದ್ದನ್ನು ಎತ್ತಿ, ಮುರಿದು, ಬಾಯಿಗೆ ಹಾಕಿದಳು.

ಹಿಟ್ಟು ಹಿಟ್ಟು, ಅಷ್ಟೇ ಗೊತ್ತಾದದ್ದು, ಹುರಿಹಿಟ್ಟು ಮುಕ್ಕಿದ ಹಾಗೆ, ನಗು ಬಂತಾ ಕೆಮ್ಮು ಬಂತಾ, ಗಂಟಲಲ್ಲಿ ಹೋಗಿ ಕೂತುಬಿಟ್ಟಿತು, ಉಸಿರು ಒಳಕ್ಕೂ ಇಲ್ಲ ಹೊರಕ್ಕೂ ಇಲ್ಲ, ಗಾಜಿನಾಚೆ ಕೆರೆ ಕಪ್ಪಾಗಿ ಬೆಳ್ಳಗಾಗಿ, ಕೆಟ್ಲಿಗೆ ಕೈ ಹಾಕಿದರೆ ಸುಟ್ಟಿತು, ಅಸ್ಸಾಮಿನವನು ಎಲ್ಲೋ, ಬೆನಕಪ್ಪ ಆ ತಗ್ಗು ಕುರ್ಚಿಯಿಂದ ಹೇಗೆ ಎದ್ದನೋ, ಎದ್ದು ಬಂದು ಅವಳ ಹಿಂದಲೆಗೆ ಒಂದು ಕೈ ಕೊಟ್ಟು, ತಲೆ ಹಿಂದಕ್ಕೆ ಬಾಗಿಸಿ, ಬಾಯಿಗೆ ಏನೋ ಹಿಡಿದ, ಕುಡಿ ಅಕ್ಕಾ, ಕುಡಿ, ಇನ್ನೊಂದು ಗುಟುಕು, ಕುಡಿ. ಕುಡಿದಳು. ಗಂಟಲಲ್ಲಿದ್ದದ್ದು ಇಳಿಯಿತು. ಇನ್ನೂ ಕುಡಿದಳು. ಮೂರನೆಯದೋ ನಾಲ್ಕನೆಯದೋ ಗುಟುಕಿಗೆ ನಾಲಗೆಯ ಹಿಂದೆ ಒಂದು ಸಣ್ಣ ಒಗರು, ಒಗರಿನ ಹಿಂದೆಯೇ ಸಿಹಿ — ಅಪ್ಪ ಬಾವಿಯ ತಳಕ್ಕೆ ನೆಲ್ಲಿಮರದ ದಿಮ್ಮಿ ಇಳಿಸಿದ ದಿನ ಹಗ್ಗದ ತುದಿ ಹಿಡಿದು ನಿಂತವಳು ಅವಳೇ, ನೆಲ್ಲಿ ಹಾಕಿದ್ರೆ ನೀರು ಸಿಹಿ ಆಗತೈತಿ ಮಗಾ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಕೆಡಲ್ಲ ಅಂದಿದ್ದ ಅಪ್ಪ, ಅಂಗೈಯಲ್ಲಿ ಹಗ್ಗ ಜಾರಿ ಉರಿ ಎದ್ದಿತ್ತು, ಆ ಉರಿಗೂ ಅದೇ ನೀರು. ಇನ್ನೊಂದು ಗುಟುಕು ಕುಡಿದು ಕಣ್ಣು ಬಿಟ್ಟಳು. ಬೆನಕಪ್ಪ ಎದುರಿಗೆ ನಿಂತಿದ್ದಾನೆ, ಒಂದು ಕೈಯಲ್ಲಿ ಪ್ಲಾಸ್ಟಿಕ್ಕಿನ ಬಾಟಲಿ, ಇನ್ನೊಂದರಲ್ಲಿ ಅದರ ಮುಚ್ಚಳ, ಮನೆಯಿಂದ ಕಾಯಿಸಿ ಆರಿಸಿ ತಂದದ್ದು, ಕಾಯಿಸದ ನೀರು ಕೂಡದು ಅಂತ ಡಾಕ್ಟರು ಅವನಿಗೆ ದಿನಕ್ಕೆ ಅದೊಂದು ಬಾಟಲಿ ಮಾತ್ರ ಬರೆದಿದ್ದಾರೆ, ಅದರ ಮೇಲೆ ಒಂದು ತೊಟ್ಟು ಕುಡಿದರೂ ಕಾಲು ಬಾತುಕೊಳ್ಳುತ್ತದೆ, ಎದೆಗೆ ನೀರು ತುಂಬುತ್ತದೆ, ಅದರ ಅರ್ಧಕ್ಕಿಂತ ಹೆಚ್ಚು ಅವಳ ಹೊಟ್ಟೆಯಲ್ಲಿತ್ತು. ಮುಚ್ಚಳ ಹಾಕಲಿಲ್ಲ ಅವನು, ಹಾಗೇ ಹಿಡಿದು ನಿಂತಿದ್ದ. ಅಕ್ಕಾ, ಅಂದ, ಇದು ಮನಿ ನೀರು. ಗೊತ್ತಾತು ಅಂದಳು. ಎರಡು ಕೆಟ್ಲಿ ಎದುರುಬದುರು ಸುಮ್ಮನೆ ಕೂತಿದ್ದವು. ನೆಲ್ಲಿ ಇನ್ನೂ ಐತಾ ಬಾವಿಯಾಗೆ. ಹೋದ ವರ್ಷ ಹೂಳು ತೆಗಿಸಿದಾಗ ನೋಡಿದ್ವಿ, ಕಬ್ಬಿಣ ಆಗೇತಿ. ಸಂಜಿತನಕ ನೀನೇನು ಕುಡೀತಿ ಬೆನಕಾ. ಅವನು ಬಾಟಲಿಯ ಕಡೆ ನೋಡಿದ, ಅವಳ ಕಡೆ ನೋಡಿದ, ಕುಡದಾತಲ್ಲ ಅಂದ.

ಚಾ ಕುಡಿದರು ಆಮೇಲೆ, ಕುಡಿಯಲಿಲ್ಲ ಅಂತಲ್ಲ, ಅವಳು ತನ್ನ ಕೆಟ್ಲಿಯಿಂದಲೇ ಎರಡೂ ಬಟ್ಟಲಿಗೆ ಬಗ್ಗಿಸಿದಳು, ಇನ್ನು ಗೆರೆ ಯಾತರದ್ದು, ಅವನು ಎರಡೇ ಗುಟುಕು ಕುಡಿದು ಇಟ್ಟ. ತಿಂಡಿಯನ್ನು ಅಸ್ಸಾಮಿನವನು ಡಬ್ಬಿಗೆ ಹಾಕಿ ಕೊಟ್ಟ. ವಾಪಸು ಬಸ್ಸು, ಮತ್ತೆ ಸೊನ್ನೆಯ ಟಿಕೆಟ್ಟು, ಬೆಳಕು ಕೆಂಪಾಗಿ ಹೊಲದ ಮೇಲೆ ಅಡ್ಡ ಬಿದ್ದಿತ್ತು, ಚೈತ್ರಶ್ರೀಯ ಫೋನು, ಹೆಂಗಿತ್ತಜ್ಜಿ, ಕೊಟ್ಟ ದುಡ್ಡಿಗೆ ಲುಕ್ಸಾನು ಇಲ್ಲಲ್ಲ, ಚಾ ಇನ್ನೊಂದು ಕುದಿ ಬರಬೇಕಿತ್ತು ಕಣೆ ಅಂದಳು, ಬೇರೇನೂ ಹೇಳಲಿಲ್ಲ. ಅವರಿಗೆ ಏನು ಹೇಳುವುದು ಅಂತ ದಾರಿಯುದ್ದಕ್ಕೂ ನೋಡಿದಳು, ಉಸಿರು ಕಟ್ಟಿತ್ತು ಅನ್ನಬಹುದು, ಅದು ನಿಜ, ಆದರೆ ಉಸಿರು ಬಂದ ಮೇಲೂ ಕುಡಿದಳಲ್ಲ, ಗೊತ್ತಾದ ಮೇಲೂ ಇನ್ನೊಂದು ಗುಟುಕು ಕುಡಿದಳಲ್ಲ, ಅದೂ ನಿಜ, ಅದನ್ನು ಮುಚ್ಚುವುದು ಬೇಡ, ಕುಡಿದೆ ಕಣ್ರೀ ಅಂದಳು ಕಿಟಕಿಗೆ, ಹೊಟ್ಟೆ ತುಂಬ ಕುಡಿದೆ. ಅವರು ಸಿಟ್ಟು ಮಾಡಿಕೊಂಡ ಹಾಗೆ ಅನಿಸಲಿಲ್ಲ. ಡಬ್ಬಿಯ ತಿಂಡಿಯನ್ನು ಚನ್ನೇಶ ನಿಂತಲ್ಲೇ ತಿಂದು ಮುಗಿಸಿ, ಪರವಾಗಿಲ್ಲ, ರೇಟು ಸ್ವಲ್ಪ ಇಳಿಸ್ಬೌದು ಅಂದ. ದಿನ ಹೋದವು, ಜೋಳ ಚೀಲಕ್ಕೆ ಸೇರಿತು, ರಸ್ತೆ ಖಾಲಿಯಾಯಿತು, ಬೆಳಗ್ಗೆ ಲಿಂಗಪೂಜೆಗೆ ಕೂತರೆ ಆ ಬಾಟಲಿ, ಹಂಡೆಗೆ ನೀರು ತುಂಬಿಸುವಾಗ ಆ ಬಾಟಲಿ, ಊಟದ ನಡುವೆ ಲೋಟ ಎತ್ತಿದರೆ ಕೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ, ಅವತ್ತು ಸಂಜೆಯ ತನಕ ಅವನು ಏನು ಕುಡಿದ, ಕೇಳಬೇಕಿತ್ತು, ಪಂಚಮಿಗೆ ಈ ಸಲ ತಾನೇ ಹೋಗಿ ಬಾವಿಕಟ್ಟೆಯ ಮೇಲೆ ಕೂತು ಕೇಳೋಣ ಅಂದುಕೊಂಡಿದ್ದಳು, ಎಲ್ಲರೂ ನೋಡಲಿ, ಲೋಕಪ್ಪನೂ ಬಂದು ಕೂಗಲಿ. ಪಂಚಮಿ ದೂರವಿತ್ತು. ಹೋಳಿ ಕಳೆದು ಗುರುಪ್ರಕಾಶನ ಫೋನು ಬಂದಾಗ ಅವಳು ಹಿತ್ತಲಲ್ಲಿದ್ದಳು, ಗಂಗಾಶ್ರೀ ಬಂದು ಅವಳ ಕೈಯಿಂದ ಬಿಂದಿಗೆ ತೆಗೆದುಕೊಂಡಳು, ಅದರಲ್ಲೇ ತಿಳಿಯಿತು. ಮುಖ ನೆನಪಿಗೆ ತರಲು ನೋಡುತ್ತಾಳೆ, ತೊದಲುವಾಗಿನ ಮುಖ, ಮದುಮಗನಾದಾಗಿನ ಮುಖ, ಬರುವುದಿಲ್ಲ, ಬರುವುದು ಅದೊಂದೇ, ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಮುಚ್ಚಳ, ಹಾಕದೆ ಹಿಡಿದು ಅಕ್ಕನ ಗಂಟಲನ್ನೇ ನೋಡುತ್ತ, ಇನ್ನೊಂದು ಗುಟುಕು ಬೇಕಾದೀತು ಅಂತ — ಬೆನಕಪ್ಪ ಹೋದದ್ದು ಸೋಮವಾರ.